ಬಿಸಿಲಣ್ಣನಿಗೆ ಮೋಡ ಕವಿದ ವರ್ಷ

ನೀರು ಕಾಣದ ಡೆನಿಮ್ ಬಟ್ಟೆಗೆ ಅದರದೇ ಒಂದು ವಾಸನೆಯಿದೆ. ಗಂಜಿ, ನೀಲಿ ಬಣ್ಣ, ಒದ್ದೆಯಾಗಿ ಒಣಗಿದ ಗೋಣಿಚೀಲ ಮೂರನ್ನೂ ಒಟ್ಟಿಗೆ ಮೂಸಿದ ಹಾಗೆ. ಬಳ್ಳಾರಿಯಲ್ಲಿ ಜೀನ್ಸ್ ಪ್ಯಾಂಟಿನ ಮಾದರಿ ಕತ್ತರಿಸುತ್ತಲೇ ನನ್ನ ಅರ್ಧ ಆಯುಷ್ಯ ಕಳೆದಿದೆ. ಆ ವಾಸನೆ ನನ್ನ ಮೂಗಿಗೆ ಗೊತ್ತಾಗುವುದು ನಿಂತು ಎಷ್ಟೋ ಕಾಲವಾಯಿತು. ಆದರೆ ಕಳೆದ ಸೋಮವಾರ ಕಾರ್ಖಾನೆಯಲ್ಲಿ ಬಟ್ಟೆಯ ಹೊಸ ಥಾನು ಬಿಚ್ಚಿದಾಗ ಅದು ಥಟ್ಟನೆ ಮೂಗಿಗೆ ಹತ್ತಿತು. ಹಿಂದಿನ ದಿನ ನೋಡಿದ ಸಿನಿಮಾವೇ ಕಾರಣವಿರಬೇಕು.

ಭಾನುವಾರ ಹೆಂಡತಿ ಗಿರಿಜಾಳನ್ನು ಕರೆದುಕೊಂಡು ಒಂದು ಸೂಪರ್‌ಹೀರೋ ಸಿನಿಮಾದ ಎರಡನೆಯ ಭಾಗಕ್ಕೆ ಹೋಗಿದ್ದೆ. ಸಿನಿಮಾ ಅಳೆಯಲು ಅವಳಷ್ಟು ನಂಬಿಕಸ್ಥ ಮಾಪಕ ಇನ್ನೊಂದಿಲ್ಲ. ಚೆನ್ನಾಗಿಲ್ಲದಿದ್ದರೆ ನಿದ್ದೆ ಹೋಗುತ್ತಾಳೆ. ಇದರ ಮೊದಲನೆಯ ಭಾಗದಲ್ಲಿ ಇಂಟರ್ವಲ್ಲಿಗೂ ಎಬ್ಬಿಸಲು ಆಗಿರಲಿಲ್ಲ. ಎರಡನೆಯದರಲ್ಲಿ ಕೈಯಲ್ಲಿದ್ದ ಪಾಪ್‌ಕಾರ್ನ್ ತಿನ್ನುವುದನ್ನೇ ಮರೆತು ಕೂತಿದ್ದಳು. ನಾನು ಎಂದಿನಂತೆ ಬೆಂಕಿ ಬಿದ್ದರೆ ಯಾವ ಬಾಗಿಲಿಂದ ಓಡಬೇಕು, ಸ್ಕೂಟರಿನ ಬೀಗ ಹಾಕಿದ್ದೇನೋ ಇಲ್ಲವೋ ಎಂಬ ಎರಡು ಚಿಂತೆಗಳ ನಡುವೆ ಸಾಧ್ಯವಾದಷ್ಟು ಸಿನಿಮಾ ನೋಡಿದೆ.

ಹೊರಗೆ ಬಂದಮೇಲೆ, "ಅದೇ ಹೀರೋ, ಅದೇ ಅಂಗಿ, ಅದೇ ಹಾರಾಟ. ಎರಡನೇದು ಯಾಕ ಚಲೋ ಆಗತೈತಿ?" ಎಂದು ಕೇಳಿದೆ.

"ಇದನ್ನ ನನ್ನ ಕೇಳ್ತೀರೇನು? ಬಿಸಿಲಣ್ಣನ್ನ ಹುಟ್ಟಿಸಿದೋರು ನೀವು, ನಿಮ್ಮ ತಮ್ಮ!" ಎಂದು ನಕ್ಕಳು.

ಬಿಸಿಲಣ್ಣ! ಆ ಹೆಸರು ಕೇಳಿ ಎಷ್ಟು ದಿನವಾಗಿತ್ತು. ರಾತ್ರಿಯೆಲ್ಲ ಅದೇ ತಲೆಯಲ್ಲಿತ್ತೇನೋ, ಬೆಳಿಗ್ಗೆ ಥಾನು ಬಿಚ್ಚಿದ್ದೇ ತಡ, ಅವನ ಸಿನಿಮಾ ತೆಗೆದ ಆ ಮಳೆಗಾಲ ಪೂರ್ತಿ ಎದ್ದು ಕೂತಿತು.

ನನ್ನ ದೊಡ್ಡಮ್ಮನ ಮಗ ಪಂಪಾಪತಿ ಸಿರುಗುಪ್ಪದಲ್ಲಿ ಮದುವೆ ವಿಡಿಯೋ ತೆಗೆಯುತ್ತಾನೆ. ಅಕ್ಷತೆ ಬೀಳುವುದನ್ನು, ಮದುಮಗಳ ತಂದೆ ಕಣ್ಣೊರೆಸಿಕೊಳ್ಳುವುದನ್ನು ತೆಗೆದು ತೆಗೆದು ಸಾಕಾಗಿ, ಒಂದು ಬೇಸಿಗೆಯಲ್ಲಿ ಸೂಪರ್‌ಹೀರೋ ಸಿನಿಮಾ ಮಾಡುತ್ತೇನೆಂದು ಎದ್ದು ನಿಂತ. ಅವನ ಹೀರೋ ಬಿಸಿಲಣ್ಣ. ಸೂರ್ಯನ ಶಾಖ ಹೀರಿ ಶಕ್ತಿ ಪಡೆಯುವವನು. ನಮ್ಮ ಸೀಮೆಯಲ್ಲಿ ಇಂಥವನಿಗೆ ಬೇರೆ ಖರ್ಚೇ ಇಲ್ಲ, ಸುಮ್ಮನೆ ಹೊರಗೆ ನಿಲ್ಲಿಸಿದರಾಯಿತು. ಹೀರೋ ಪಾತ್ರಕ್ಕೆ ನನ್ನ ಕಾರ್ಖಾನೆಯಲ್ಲಿ ಬಟ್ಟೆ ಕತ್ತರಿಸುವ ಖಾಜಾ ಸಿಕ್ಕ. ವ್ಯಾಯಾಮ ಮಾಡಿದ ಮೈ, ದಪ್ಪ ಮೀಸೆ, ಇರುವೆ ಕಚ್ಚಿದರೂ ಊರಿಗೆಲ್ಲ ಕೇಳುವಂತೆ ಕೂಗುವ ಗಂಟಲು. ಕುತ್ತಿಗೆಯಿಂದ ಕಾಲಿನವರೆಗೆ ಒಂದೇ ತುಂಡಿನ ಡೆನಿಮ್ ಅಂಗಿ ಹೊಲಿಯುವ ಕೆಲಸ ನನಗೆ ಬಂತು.

ಜೀನ್ಸ್ ಕೆಲಸದಲ್ಲಿ ಒಂದು ಕ್ರಮವಿದೆ. ಮೊದಲು ಹೊಲಿಯುತ್ತೇವೆ, ಆಮೇಲೆ ವಾಷಿಂಗಿಗೆ ಕಳಿಸುತ್ತೇವೆ. ಅಲ್ಲಿ ಕಲ್ಲು ಹಾಕಿ ತಿರುಗಿಸಿದ ಮೇಲೆ ಬಟ್ಟೆಯ ಗಂಜಿ ಹೋಗುತ್ತದೆ, ಹೆಚ್ಚಿನ ಬಣ್ಣ ಬಿಡುತ್ತದೆ, ಬಟ್ಟೆ ಕುಗ್ಗುತ್ತದೆ. ಕುಗ್ಗುವಷ್ಟನ್ನು ಲೆಕ್ಕ ಹಿಡಿದೇ ದೊಡ್ಡದಾಗಿ ಕತ್ತರಿಸುವುದು. ಹೀರೋ ಅಂಗಿಯನ್ನೂ ನಾನು ಕೈ ಹೋದ ರೂಢಿಗೆ ಹಾಗೆಯೇ ಕತ್ತರಿಸಿದ್ದೆ. ವಾಷಿಂಗಿಗೆ ಹೋಗಬೇಕಾದ ರಾಶಿಯ ಮೇಲೆ ಇಟ್ಟಿದ್ದೆ ಕೂಡ. ಪಂಪಾಪತಿ ಬಂದವನೇ ತೊಳೆಸುವ ಮೊದಲೇ ಎತ್ತಿಕೊಂಡು ಹೋದ. ಬಳ್ಳಾರಿಯಲ್ಲಿ ಹುಟ್ಟಿದ ಯಾವನೂ ಮಾಡದ ಕೆಲಸ. ಅವನು ಹುಟ್ಟಿದ್ದು ಸಿರುಗುಪ್ಪದಲ್ಲಿ.

ಕುರುಗೋಡಿನ ಬಂಡೆಗಳ ಮೇಲೆ ಚಿತ್ರೀಕರಣ. ಹೊಸ ಡೆನಿಮ್ಮು ತಗಡಿನ ಹಾಗೆ ಸೆಟೆದುಕೊಂಡಿತ್ತು. ಖಾಜಾನ ಮಂಡಿ ಬಾಗುತ್ತಿರಲಿಲ್ಲ, ತೋಳು ಮಡಚುತ್ತಿರಲಿಲ್ಲ. ಕುಗ್ಗುವ ಲೆಕ್ಕದ್ದಾದ್ದರಿಂದ ಒಳಗೆ ಇನ್ನೊಬ್ಬ ಹಿಡಿಸುವಷ್ಟು ದೊಡ್ಡದು ಬೇರೆ. ಬಿಸಿಲಣ್ಣ ಇಡೀ ಸಿನಿಮಾ ನಿಂತೇ ಇದ್ದ. ನಿಂತು ಥರ್ಮೊಕೋಲಿನ ಬಂಡೆ ಎತ್ತಿದ, ನಿಂತು ಜೆಸಿಬಿ ತಡೆದ, ನಿಂತೇ ತಾಯಿಯನ್ನು ನೆನೆದು ಅತ್ತ. ಆ ಬೇಸಿಗೆಯಲ್ಲಿ ಬೆವರು ಹರಿದು ಬಣ್ಣ ಬಿಟ್ಟು, ಕೊನೆಯ ಹೊಡೆದಾಟದ ಹೊತ್ತಿಗೆ ಕುತ್ತಿಗೆ, ಮುಖ, ಮೀಸೆಯ ತುದಿ ಎಲ್ಲ ನೀಲಿ. ಸಿರುಗುಪ್ಪದ ಕಲ್ಯಾಣ ಮಂಟಪದಲ್ಲಿ ಸಿನಿಮಾ ತೋರಿಸಿದಾಗ, ಬಿಸಿಲಣ್ಣನ ಪ್ರಾಣಕ್ಕೇ ಕುತ್ತು ಬರುವ ಗಂಭೀರ ಜಾಗದಲ್ಲಿ, ಮುಂದಿನ ಸಾಲಿನ ಅಜ್ಜಿಯೊಬ್ಬಳು ಎದ್ದು ಕೈಮುಗಿದು, "ಕಿಷ್ಣ ಪರಮಾತ್ಮಾ, ಹಿಂಗ್ಯಾಕ ಆತಪಾ ನಿನಗ!" ಅಂದಳು. ಮಂಟಪ ಬಿದ್ದು ಬಿದ್ದು ನಕ್ಕಿತು. ಪಂಪಾಪತಿ ಅಡುಗೆಮನೆಯ ಬಾಗಿಲಿಂದ ಹೊರಗೆ ಹೋದ.

ನಗು ಅಲ್ಲಿಗೇ ಮುಗಿಯಲಿಲ್ಲ. ಮದುವೆ ವಿಡಿಯೋಗೆ ಮಾತಾಡಲು ಹೋದಲ್ಲೆಲ್ಲ, "ಹುಡುಗನ್ನ ನೀಲಿ ಮಾಡಂಗಿಲ್ಲಲ್ಲ?" ಎಂದು ಕೇಳತೊಡಗಿದರು. ಕೇಳಿದವರು ಮರೆಯುತ್ತಿದ್ದರು, ಇವನಿಗೆ ಊಟ ಸೇರುತ್ತಿರಲಿಲ್ಲ. ಅವನ ಮಾವನಿಗೆ ಅಕ್ಕಿ ಮಿಲ್ಲಿತ್ತು. ತೂಕದ ಕಟ್ಟೆಯ ಪಕ್ಕ ಒಂದು ಕುರ್ಚಿ ಅಳಿಯನಿಗಾಗಿ ಎಂದಿನಿಂದಲೋ ಕಾಯುತ್ತಿತ್ತು.

ಮುಂದಿನ ವರ್ಷ ಕಾಲುವೆಗೆ ನೀರು ಬಿಟ್ಟ ವಾರ ಅವನು ಬಳ್ಳಾರಿಗೆ, ನಮ್ಮ ಮನೆಗೆ ಬಂದ.

"ಅಣ್ಣ, ಇನ್ನೊಂದು ಮಾಡ್ತೀನಿ. ಎರಡನೇ ಭಾಗ. ಇದರಾಗೂ ನಾ ಹೇಳಿದ ಕಡಿ ಬಿಟ್ಟು ಬ್ಯಾರೆ ಕಡಿ ನಕ್ಕರ, ಕ್ಯಾಮೆರಾ ಮಾರಿ ಮಿಲ್ಲಿನಾಗ ಕುಂದ್ರತೀನಿ. ಗಂಗಾವತಿ ಸ್ಟುಡಿಯೋದೋನು ಒಬ್ಬ ತಗೊಳಾಕ ತಯಾರದಾನ."

"ಮಿಲ್ಲಿನಾಗ ಧೂಳು ಭಾಳ," ಎಂದೆ. ಸಮಾಧಾನದ ಮಾತು ನನಗೆ ಮೊದಲಿಂದಲೂ ಹೀಗೆಯೇ ಬರುವುದು.

"ಅದಕ್ಕ ಕಥಿ ದೊಡ್ಡದು ಮಾಡೀನಿ. ಮೂರು ಮಂದಿ ವಿಲನ್. ಎರಡು ಜೆಸಿಬಿ. ಬಿಸಿಲಣ್ಣ ಡಬಲ್ ಆ್ಯಕ್ಟಿಂಗ್."

ಗಿರಿಜಾ ಚಹಾ ಕೊಡುತ್ತ, "ಒಂದು ಜೆಸಿಬಿಗೇ ನಕ್ಕಾರ, ಎರಡಕ್ಕ ಎರಡು ಪಟ್ಟು ನಗಂಗಿಲ್ಲೇನು?" ಎಂದಳು. ಅವನು ಚಹಾ ಕುಡಿಯದೇ ನೋಡಿದ. ಅವಳೇ ಮುಂದುವರಿಸಿದಳು: "ಸಿಟ್ಟಾಗಬ್ಯಾಡ. ನಿನ್ನ ಮೊದಲನೇದ್ರಾಗ ಅವನಿಗೆ ಶಕ್ತಿ ಹೆಂಗ ಬಂತು ಅನ್ನೋದ್ರಾಗ ಅರ್ಧ ಸಿನಿಮಾ ಹೋತು. ಹೆಣ್ಣು ನೋಡಾಕ ಬಂದೋರು ತಮ್ಮ ಮನಿತನದ ಕಥಿ ಹೇಳ್ಕೋತ ಕುಂತಂಗ. ಈಗೇನು, ಮದುವಿ ಆಗಿ ವರ್ಷಾತು. ಇನ್ನರ ಅಂವ ಮನಿಯಾಗ ಹೆಂಗಿರ್ತಾನ ತೋರಸು."

ಪಂಪಾಪತಿ ಇದನ್ನು ಹೆಂಗಸರ ಮಾತೆಂದು ತಳ್ಳಿಹಾಕಿ ಎರಡು ಜೆಸಿಬಿ ಹೊಂದಿಸಲು ಹೋದ. ನನಗೆ ಮಾತ್ರ ಅದು ತಲೆಯಲ್ಲಿ ಉಳಿಯಿತು.

ಈ ಸಲ ಅಂಗಿಯನ್ನು ನಾನೇ ಹಿಡಿದುಕೊಂಡು ಹೋಗಿ, ಮುಂಬೈಗೆ ಹೋಗುವ ಪ್ಯಾಂಟುಗಳ ಜೊತೆ ವಾಷಿಂಗಿಗೆ ಹಾಕಿಸಿದೆ. ಬಣ್ಣ ಮಾಸಿ, ಮಂಡಿ ಬೆಳ್ಳಗಾಗಿ, ಬಟ್ಟೆ ಮೆತ್ತಗಾಗಿ, ನಾನು ಹಿಡಿದ ಲೆಕ್ಕಕ್ಕೆ ಸರಿಯಾಗಿ ಕುಗ್ಗಿ ಬಂತು. ಖಾಜಾ ಹಾಕಿಕೊಂಡವನು ಕನ್ನಡಿ ನೋಡಲಿಲ್ಲ, ಕೈ ಚಾಚಿ ನಿಲ್ಲಲಿಲ್ಲ, ಅಲ್ಲೇ ಕುಕ್ಕರುಗಾಲಲ್ಲಿ ಕೂತುಬಿಟ್ಟ.

"ಅಣ್ಣ, ಕುಂದ್ರಾಕ ಬರತೈತಿ! ಕಸಂಸೇ, ಈ ಸಲ ಬಿಸಿಲಣ್ಣ ಚಹಾ ಕುಡೀತಾನ ನೋಡ್ರಿ!"

ಕಾರ್ಖಾನೆಗೆ ಭಾನುವಾರ ರಜೆ. ಪ್ರತಿ ಭಾನುವಾರ ನಾನೂ ಖಾಜಾನೂ ಬೆಳಗಿನ ಬಸ್ಸಿಗೆ ಸಿರುಗುಪ್ಪಕ್ಕೆ ಹೊರಡುತ್ತಿದ್ದೆವು. ಸಿರಿಗೇರಿ ಕ್ರಾಸ್ ದಾಟುವವರೆಗೆ ಅವನು ನಿದ್ದೆ ಮಾಡುತ್ತಿದ್ದ, ನಾನು ಚಿಂತೆ ಮಾಡುತ್ತಿದ್ದೆ. ಆ ಮಳೆಗಾಲ ಚಿಂತೆಗೆ ವಿಷಯದ ಕೊರತೆ ಇರಲಿಲ್ಲ. ಸಿಡಿಲು, ಗದ್ದೆಯ ಹಾವು, ಕಾಲುವೆ, ಜೆಸಿಬಿ ಚಾಲಕನ ಕಣ್ಣಿನ ದೃಷ್ಟಿ. ನಾನು ಚಿಂತಿಸದೇ ಬಿಟ್ಟದ್ದು ಒಂದೇ, ಮೋಡ. ನಮ್ಮ ಕಡೆಯವನು ಬಿಸಿಲಿಲ್ಲವೆಂದು ಚಿಂತೆ ಮಾಡುವುದು ಹೇಗೆ ಸಾಧ್ಯ?

ಮೊದಲ ಭಾನುವಾರ ಹೋದಾಗ ಆಕಾಶ ಬೂದಿ ಬಣ್ಣಕ್ಕಿತ್ತು. ಮಳೆ ಎನ್ನುವ ಮಳೆಯೂ ಅಲ್ಲ, ಒರೆಸಿಕೊಂಡರೆ ಮತ್ತೆ ಹತ್ತುವ ಸಣ್ಣ ಜಿಟಿಜಿಟಿ. ಸುತ್ತ ಭತ್ತದ ನಾಟಿ ನಡೆದಿತ್ತು. ಕಣ್ಣು ಹೋದಲ್ಲೆಲ್ಲ ಕೆಸರು ನೀರು, ಅದರ ಮೇಲೆ ಬಗ್ಗಿದ ಬೆನ್ನುಗಳು. ಬಿಸಿಲಣ್ಣ ಗದ್ದೆಯ ಬದುವಿನ ಮೇಲೆ ಎರಡೂ ಕೈ ಎತ್ತಿ ಸೂರ್ಯನ ಕಡೆ ಮುಖ ಮಾಡಿ ನಿಲ್ಲಬೇಕು, ಅವನ ಮೈ ಫಳಫಳ ಹೊಳೆಯಬೇಕು. ಸೂರ್ಯ ಯಾವ ಕಡೆ ಇದ್ದಾನೆ ಎಂದೇ ತಿಳಿಯಲಿಲ್ಲ. ಮುಂದಿನ ಭಾನುವಾರವೂ ಅದೇ. ಅದರ ಮುಂದಿನ ಭಾನುವಾರ ಕಾಲುವೆ ಏರಿ ಕುಸಿದು, ನಮ್ಮ ಎರಡೂ ಜೆಸಿಬಿ ಆ ಕೆಲಸಕ್ಕೆ ಹೋದವು. ಜೆಸಿಬಿ ಇಲ್ಲದ ವಿಲನ್‌ಗಳು ಬದುವಿನ ಮೇಲೆ ಇಸ್ಪೀಟು ಆಡಿ ಮನೆಗೆ ಹೋದರು, ಆಮೇಲೆ ಬರಲಿಲ್ಲ.

ಅದೇ ದಿನ ಗಂಗಾವತಿಯವನು ಬಂದ. ಬಡಕಲು ಮನುಷ್ಯ, ಮೆಲು ಮಾತು. ಕ್ಯಾಮೆರಾವನ್ನು ಕೈಯಲ್ಲಿ ಹಿಡಿದು ಹಿಂದೆ ಮುಂದೆ ನೋಡಿದ, ಲೆನ್ಸಿನ ಮೇಲೆ ಉಸಿರು ಬಿಟ್ಟು ಒರೆಸಿದ. "ಚಲೋ ಇಟ್ಕೊಂಡೀರಿ," ಅಂದ. ಪಂಪಾಪತಿ, "ಸಿನಿಮಾ ತೋರಿಸೋ ದಿನ ಬರ್ರಿ. ಅವತ್ತ ಹೇಳ್ತೀನಿ," ಎಂದು ವಾಪಸು ಇಸಿದುಕೊಂಡ. ಇಸಿದುಕೊಂಡಮೇಲೆ ತಾನೂ ಒಮ್ಮೆ ಒರೆಸಿದ. ನನಗೆ ಅದನ್ನು ನೋಡಲಾಗಲಿಲ್ಲ.

ಮತ್ತೊಂದು ಭಾನುವಾರ. ಆಕಾಶ ಹಾಗೆಯೇ ಕವಿದುಕೊಂಡಿತ್ತು. ಖಾಜಾ ಅಂಗಿ ಹಾಕಿಕೊಂಡು ಪಂಪಾಪತಿಯ ಮನೆಯ ಕಟ್ಟೆಯ ಮೇಲೆ ಕೂತಿದ್ದ. ಪಂಪಾಪತಿಯ ತಾಯಿ, ನನ್ನ ದೊಡ್ಡಮ್ಮ ಶರಣಮ್ಮ, ನಾಟಿ ಹಾಕುವವರಿಗೆ ಬುತ್ತಿ ಕಟ್ಟುತ್ತಿದ್ದಳು. ಆಕೆಗೆ ಕೆಲಸವಿಲ್ಲದೆ ಕೂತ ಗಂಡಸರನ್ನು ಕಂಡರೆ ಮೈಯೆಲ್ಲ ಉರಿ.

"ಏನಪಾ ಬಿಸಿಲಣ್ಣ, ಮೋಡ ಐತಿ ಅಂತ ಕುಂತರ ಹೊಟ್ಟಿ ಕೇಳತೈತೇನು?"

"ಶಕ್ತಿ ಇಲ್ಲಮ್ಮ. ಬಿಸಿಲು ಬರಬೇಕು," ಎಂದ ಖಾಜಾ, ನಾಲ್ಕನೆಯ ರೊಟ್ಟಿ ಮುರಿಯುತ್ತ.

"ರೊಟ್ಟಿ ಮುರಿಯಾಕ ಬರತೈತಲ್ಲ ಶಕ್ತಿ! ಏಳು, ಈ ಬುತ್ತಿ ಹೊರು."

ಹೀಗೆ ಸೂಪರ್‌ಹೀರೋ ಬುತ್ತಿ ಹೊತ್ತು ಮುಂದೆ ನಡೆದ. ಹಿಂದೆ ದೊಡ್ಡಮ್ಮ, ಅವಳ ಹಿಂದೆ ಕೊಡೆ ಹಿಡಿದ ನಾನು, ನನ್ನ ಕೊಡೆಯೊಳಗೆ ಕ್ಯಾಮೆರಾ ತಬ್ಬಿಕೊಂಡ ಪಂಪಾಪತಿ. ಗದ್ದೆ ಮುಟ್ಟಿದಾಗ ಅಲ್ಲಿ ಬೇರೆಯೇ ಗದ್ದಲ. ಪಕ್ಕದ ಹೊಲದವರ ನೀರೆತ್ತುವ ಪಂಪು, ಕೆಳಗಿನ ಮಣ್ಣು ಸಡಿಲವಾಗಿ, ಬದುವಿನಿಂದ ಜಾರಿ ಹಳ್ಳದಂಥ ಕೆಸರು ಗುಂಡಿಗೆ ಬಿದ್ದಿತ್ತು. ನಾಟಿ ಹೆಣ್ಣುಮಕ್ಕಳು ಖಾಜಾನನ್ನು ಕಂಡದ್ದೇ ತಡ, "ಬಂದ ನೋಡ್ರೇ ಬಿಸಿಲಣ್ಣ! ಹೋದ ವರ್ಷ ಬಂಡಿಗಲ್ಲು ಎತ್ತಿದೋನು, ಇದೇನು ಲೆಕ್ಕ ಇವಗ!" ಎಂದು ಕೂಗಿದರು.

ಖಾಜಾನಿಗೆ ಮಾನದ ಪ್ರಶ್ನೆಯಾಯಿತು. ಬುತ್ತಿ ಇಳಿಸಿ ಗುಂಡಿಗೆ ಇಳಿದ.

"ಕರೆಂಟು ತಗದೀರೇನು?" ಎಂದು ನಾನು ಅರಚಿದೆ.

"ತಗದಾರರಿ," ಎಂದರು ಯಾರೋ.

"ಖರೇನ ತಗದೀರೇನು? ಮತ್ತೊಮ್ಮಿ ನೋಡ್ರಿ!"

ಖಾಜಾ ಪಂಪಿನ ಕೆಳಗೆ ಕೈ ಹಾಕಿ ಎತ್ತಿದ. ಅದು ಅಲುಗಲಿಲ್ಲ, ಇವನೇ ಜಾರಿ ಕೂತ. ಹೆಣ್ಣುಮಕ್ಕಳು ನಕ್ಕರು. ಎದ್ದು ಮತ್ತೆ ಹಿಡಿದ. ಈ ಸಲ ಮಂಡಿ ಬಾಗಿಸಿ, ಭುಜ ಕೊಟ್ಟು. ಒಂದು ಗೇಣು ಎದ್ದದ್ದು ವಾಪಸು ಕುಸಿಯಿತು, ಅವನ ಮುಖ ಕೆಸರಿಗೆ ಬಡಿಯಿತು. ನಗು ಸಣ್ಣದಾಯಿತು. ಮೂರನೆಯ ಸಲ ಅವನು ಯಾರ ಕಡೆಗೂ ನೋಡಲಿಲ್ಲ. ಕೂಗುವ ಗಂಟಲಿನ ಆ ಖಾಜಾ ಒಂದು ಮಾತೂ ಆಡಲಿಲ್ಲ. ಹಲ್ಲು ಕಚ್ಚಿ ಎತ್ತುತ್ತಿದ್ದ, ಜಾರುತ್ತಿದ್ದ, ಎತ್ತುತ್ತಿದ್ದ. ಮಳೆಯ ಸದ್ದು ಬಿಟ್ಟರೆ ಬೇರೇನಿಲ್ಲ. ಆಗ ದೊಡ್ಡಮ್ಮ ಸೀರೆ ಎತ್ತಿ ಕಟ್ಟಿ, "ಸರಿ ಅತ್ಲಾಗ," ಎನ್ನುತ್ತ ಗುಂಡಿಗೆ ಇಳಿದು ಒಂದು ಮೂಲೆ ಹಿಡಿದಳು. ಅವಳ ಹಿಂದೆ ನಾಟಿಯವರು ಇಳಿದರು. ನಾನೂ ಇಳಿದೆ, ಕೊಡೆ ಸಮೇತ. ಪಂಪು ಮೇಲೆ ಬಂತು.

ಮನೆಗೆ ಬಂದು ಕಾಲು ತೊಳೆಯುವಾಗ ಪಂಪಾಪತಿ, "ಇವತ್ತೂ ಒಂದು ಶಾಟ್ ಆಗಲಿಲ್ಲಣ್ಣ," ಎಂದು ನಿಟ್ಟುಸಿರಿಟ್ಟ. ಅಷ್ಟೂ ಹೊತ್ತು ಕ್ಯಾಮೆರಾ ಚಾಲೂ ಇತ್ತೆಂಬುದು ಅವನಿಗೆ ಲೆಕ್ಕಕ್ಕೇ ಬಂದಿರಲಿಲ್ಲ, ಮದುವೆಮನೆಯಲ್ಲಿ ನಿಲ್ಲಿಸದೇ ತೆಗೆಯುವ ರೂಢಿ. ತೆಗೆದದ್ದನ್ನು ಅಳಿಸಲೆಂದು ಸಣ್ಣ ಪರದೆಯಲ್ಲಿ ನೋಡತೊಡಗಿದ. ನಾವು ಅವನ ಭುಜದ ಮೇಲಿಂದ ಇಣುಕಿದೆವು. ಮೂರನೆಯ ಸಲ ಖಾಜಾ ಜಾರುವಲ್ಲಿ ಪಂಪಾಪತಿ ನಿಲ್ಲಿಸಿದ. ಹಿಂದೆ ಹೋಗಿ ಮತ್ತೆ ನೋಡಿದ.

"ಲೇ ಖಾಜಾ," ಎಂದ ಕೊನೆಗೆ. "ಮೋಡದ ದಿನ ಬಿಸಿಲಣ್ಣ ಏನು ಮಾಡ್ತಾನಲೇ?"

"ಇದೇ ಮಾಡ್ತಾನ. ಬೀಳ್ತಾನ," ಎಂದ ಖಾಜಾ ಕಿವಿಯಿಂದ ಕೆಸರು ತೆಗೆಯುತ್ತ. "ಮಂದಿ ಮಾತ್ರ ಬಂದು ಕೇಳ್ತಾರಲ್ಲ, ಶಕ್ತಿ ಐತೋ ಇಲ್ಲೋ ಅಂತ ನೋಡಿ ಕೇಳ್ತಾರೇನು?"

ಎರಡು ಜೆಸಿಬಿಯ ಕಥೆ ಅಲ್ಲಿಗೆ ಮುಗಿಯಿತು. ಮುಂದಿನ ಭಾನುವಾರಗಳೆಲ್ಲ ಮೋಡವನ್ನು ನಂಬಿಕೊಂಡೇ ನಡೆದವು. ಬಿಸಿಲಣ್ಣನ ಶಕ್ತಿ ಹೋಗಿದೆ, ಊರಿಗೆ ಗೊತ್ತಿಲ್ಲ, ಎಲ್ಲರೂ ಕರೆಯುತ್ತಾರೆ, ಇಲ್ಲವೆನ್ನಲು ಇವನಿಗೆ ಬಾಯಿ ಬರುವುದಿಲ್ಲ. ಅಷ್ಟೇ ಕಥೆ. ವಿಲನ್ ಯಾರು ಎಂದು ನಾನು ಕೇಳಿದ್ದಕ್ಕೆ ಪಂಪಾಪತಿ ಆಕಾಶ ತೋರಿಸಿದ. ತಾಯಿಯ ಪಾತ್ರಕ್ಕೆ ದೊಡ್ಡಮ್ಮನೇ ನಿಂತಳು. ಮೊದಲನೆಯದರಲ್ಲಿ ನಿಂತು ಅತ್ತಿದ್ದ ಬಿಸಿಲಣ್ಣ ಈಗ ಅಡುಗೆಮನೆಯ ನೆಲದ ಮೇಲೆ ಕೂತು, "ಯವ್ವಾ, ನನ್ನ ಕೈಲೆ ಆಗವಲ್ದು," ಅಂದ. ಆಕೆ ಬರೆದುಕೊಟ್ಟ ಮಾತು ಆಡಲಿಲ್ಲ. "ಉಂಡು ಮಲಗು, ನಾಳಿ ನೋಡೋಣು," ಅಂದಳು. ಪಂಪಾಪತಿ ಅದನ್ನೇ ಇಟ್ಟುಕೊಂಡ.

ನನಗೆ ಆ ದಿನಗಳಲ್ಲಿ ಒಂದು ಕುತೂಹಲ ಅಂಟಿಕೊಂಡಿತು. ಚಿಂತೆ ಸ್ವಲ್ಪ ಹಿಂದೆ ಸರಿದು ಜಾಗ ಕೊಟ್ಟಿತೆಂದರೂ ಸರಿಯೇ. ಎರಡನೆಯದು ಮೊದಲನೆಯದಕ್ಕಿಂತ ಯಾಕೆ ಚೆನ್ನಾಗುತ್ತಿದೆ? ಹೀರೋ ಅದೇ, ಕ್ಯಾಮೆರಾ ಅದೇ, ನಮ್ಮ ಬುದ್ಧಿಯಂತೂ ಬೆಳೆದ ಲಕ್ಷಣವಿಲ್ಲ. ಬಸ್ಸಿನಲ್ಲಿ ಕೂತು ಯೋಚಿಸುತ್ತಿದ್ದೆ. ಮೊದಲನೆಯದರಲ್ಲಿ ಅವನು ಏನೇನು ಮಾಡಬಲ್ಲ ಎಂದು ಜನಕ್ಕೆ ನಂಬಿಸಬೇಕಿತ್ತು, ನಾವು ಬೆವರಿದ್ದೆಲ್ಲ ಅದಕ್ಕೇ. ಈಗ ನಂಬಿಸುವ ಕೆಲಸ ಮುಗಿದಿದೆ. ನಕ್ಕವರಿಗೂ ಬಿಸಿಲಣ್ಣ ಯಾರೆಂದು ಗೊತ್ತು. ಹಾಗಾಗಿ ಈಗ ಅವನು ಮಾಡಲಾರದ್ದನ್ನು ತೋರಿಸಬಹುದು. ಗೊತ್ತಿಲ್ಲದವನು ಬಿದ್ದರೆ ನಾವು ನೋಡಿ ಮುಂದೆ ಹೋಗುತ್ತೇವೆ, ಗೊತ್ತಿದ್ದವನು ಬಿದ್ದರೆ ನಿಲ್ಲುತ್ತೇವೆ. ಹೀಗೆಲ್ಲ ಯೋಚಿಸಿ ಖುಷಿಯಾಗಿ ಖಾಜಾನನ್ನು ಎಬ್ಬಿಸಿ ಹೇಳಿದೆ. "ಅಣ್ಣ, ಅಂಗಿ ಸರಿ ಆಗೈತಲ್ಲ, ಅದಕ್ಕ ಚಲೋ ಬರಾಕತ್ತೈತಿ," ಎಂದು ಮತ್ತೆ ಮಲಗಿದ. ಅದೂ ಒಂದು ಕಾರಣವೇ. ಇವತ್ತಿಗೂ ಯಾವುದು ಹೆಚ್ಚು ಸರಿ ಎಂದು ನನಗೆ ತೀರ್ಮಾನವಾಗಿಲ್ಲ.

ಭತ್ತ ಹೊಡೆ ಬಿಟ್ಟಿತು, ತೆನೆ ಬಾಗಿತು, ಕೊಯ್ಲಾಯಿತು. ಕೊಯ್ಲು ಮುಗಿದ ಒಂದು ಭಾನುವಾರ ಮಧ್ಯಾಹ್ನ ಅದೇ ಕಲ್ಯಾಣ ಮಂಟಪದಲ್ಲಿ ಎರಡನೆಯ ಭಾಗ. ಕಿಟಕಿಗಳಿಗೆ ನನ್ನ ಕಾರ್ಖಾನೆಯ ಡೆನಿಮ್ ಕಟ್ಟಿ ಕತ್ತಲು ಮಾಡಿದ್ದೆವು. ಹೋದ ಸಲ ನಕ್ಕವರೆಲ್ಲ ಬಂದಿದ್ದರು, ಜೊತೆಗೆ ನಗಲು ತಮ್ಮ ನೆಂಟರನ್ನೂ ಕರೆತಂದಿದ್ದರು. ಗಂಗಾವತಿಯವನು ಹಿಂದಿನ ಗೋಡೆಗೆ ಒರಗಿ ನಿಂತಿದ್ದ. ಪಂಪಾಪತಿ ಕ್ಯಾಮೆರಾವನ್ನು ಚೀಲಕ್ಕೆ ಹಾಕಿ, ಜಿಪ್ ಎಳೆದು, ಅವನ ಕಾಲ ಬಳಿಯೇ ಇಟ್ಟಿದ್ದ.

"ಈಗಲೇ ಯಾಕ ಕಟ್ಟಿಟ್ಟಿ?" ಎಂದೆ.

"ನಕ್ಕ ಮ್ಯಾಲೆ ಕಟ್ಟಾಕ ನನ್ನ ಕೈಲೆ ಆಗಂಗಿಲ್ಲಣ್ಣ."

ಸಿನಿಮಾ ಶುರುವಾಯಿತು. ನಗಬೇಕಾದ ಕಡೆ ನಕ್ಕರು, ನಾಲ್ಕನೆಯ ರೊಟ್ಟಿಗೆ ಶಿಳ್ಳೆ ಹೊಡೆದರು. "ಖರೇನ ತಗದೀರೇನು? ಮತ್ತೊಮ್ಮಿ ನೋಡ್ರಿ!" ಎಂಬ ನನ್ನ ಅರಚಾಟವನ್ನು ಅವನು ಹಾಗೆಯೇ ಬಿಟ್ಟಿದ್ದ. ಅದಕ್ಕೆ ಬಿದ್ದಷ್ಟು ನಗು ಮತ್ತಾವುದಕ್ಕೂ ಬೀಳಲಿಲ್ಲ. ನನ್ನ ಪಕ್ಕ ಕೂತಿದ್ದ ಗಿರಿಜಾಳೂ ನಕ್ಕಳು. ನಾನು ಅವಳ ಕಣ್ಣನ್ನೇ ನೋಡುತ್ತಿದ್ದೆ. ತೆರೆದಿದ್ದವು.

ಪಂಪಿನ ದೃಶ್ಯ ಬಂತು. ಬಿಸಿಲಣ್ಣ ಮೊದಲ ಸಲ ಜಾರಿ ಕೂತಾಗ ಮಂಟಪ ಗೊಳ್ಳೆಂದಿತು. ಇದು ನಗಲೆಂದು ಪಂಪಾಪತಿ ಹೇಳಿದ ಜಾಗವಾಗಿರಲಿಲ್ಲ. ನಾನು ಎದ್ದು ಹಿಂದೆ ಹೋದೆ. ಅವನು ಕ್ಯಾಮೆರಾ ಚೀಲದ ಪಕ್ಕ ಕಣ್ಣು ಮುಚ್ಚಿಕೊಂಡು ನಿಂತಿದ್ದ. ಎರಡನೆಯ ಸಲ ಅಲ್ಲಲ್ಲಿ ನಗು. ಮೂರನೆಯ ಸಲಕ್ಕೆ ಏನೂ ಇಲ್ಲ. ಕೆಮ್ಮೂ ಇಲ್ಲ. ಅವನು ಆ ದೃಶ್ಯವನ್ನು ಬೇಕೆಂದೇ ಉದ್ದ ಬಿಟ್ಟಿದ್ದ. ಖಾಜಾ ಎತ್ತುತ್ತಾನೆ, ಜಾರುತ್ತಾನೆ, ಎತ್ತುತ್ತಾನೆ. ಮಳೆಯ ಸದ್ದು.

"ಏ, ಕೈ ಹಚ್ಚ್ರಲೇ ಯಾರಾರ!" ಎಂದು ನಡುವಿನ ಸಾಲಿನಿಂದ ಒಂದು ಗಡಸು ಧ್ವನಿ ಪರದೆಗೆ ಕೂಗಿತು. "ನಿಂತು ನೋಡ್ತೀರಲ್ಲ!"

"ಬಲಗಡಿ ಹಿಡಿಯೋ ಬಿಸಿಲಣ್ಣ, ಎಡಗಡಿ ಜಾರು ಐತಿ!"

"ಹಲಗಿ ಕೊಡ್ರಿ ಕೆಳಗ, ಹಲಗಿ!"

ಪಂಪಾಪತಿ ಕಣ್ಣು ತೆರೆದ. ಪರದೆಯ ಕಡೆ ನೋಡಲಿಲ್ಲ. ಪರದೆಯ ಬೆಳಕು ಬಿದ್ದ ಆ ಮುಖಗಳನ್ನು ನೋಡಿದ. ಅರ್ಧ ಎದ್ದು ನಿಂತವರು, ತಮ್ಮ ಕೈಗಳನ್ನೇ ಗಾಳಿಯಲ್ಲಿ ಚಾಚಿ ಎತ್ತುತ್ತಿದ್ದವರು. ಬಗ್ಗಿ ಚೀಲದ ಜಿಪ್ ಎಳೆದ, ಕ್ಯಾಮೆರಾ ಹೊರಗೆ ತೆಗೆದು ಭುಜಕ್ಕೆ ಏರಿಸಿ ಆ ಮುಖಗಳ ಕಡೆ ಹಿಡಿದ.

ಗಂಗಾವತಿಯವನು ಅವನನ್ನೂ ಜನರನ್ನೂ ಒಮ್ಮೆ ನೋಡಿದ. "ಬ್ಯಾಟರಿ ಐತೇನ್ರಿ?" ಎಂದು ಪಿಸುಗುಟ್ಟಿದ.

"ಐತಿ."

ಗಂಗಾವತಿಯವನು ತಲೆಯ ಟೋಪಿ ತೆಗೆದು, ಕ್ಯಾಮೆರಾಕ್ಕೆ ಅಡ್ಡ ಬರದಂತೆ, ನೆಲದ ಮೇಲೆ ಕೂತ.